ನಕಾಶೆಯಲ್ಲಿರುವ ಕಾಲುದಾರಿ

ಶನಿವಾರ ಬಂತೆಂದರೆ ಯಸಳೂರು, ಹೆತ್ತೂರು, ವನಗೂರು ಕಡೆಗೆ ಬೆಂಗಳೂರಿನ ಗಾಡಿಗಳ ಸಾಲು. ಬಂದವರು ಕೇಳುವುದು ಎರಡೇ ಪ್ರಶ್ನೆ: 'ವ್ಯೂ ಪಾಯಿಂಟ್ ಎಲ್ಲಿ? ಜೀಪಿಗೆ ಎಷ್ಟು?' ಪಟ್ಲ ಬೆಟ್ಟದ ನೆತ್ತಿಗೆ ಜೀಪಿನಲ್ಲಿ ಹತ್ತಿ, ಮಂಜಿನಲ್ಲಿ ಫೋಟೊ ತೆಗೆದುಕೊಂಡು ಬಿಸಿಲೆ ಕಡೆ ಹೊರಟುಬಿಡುತ್ತಾರೆ. ಸುದ್ದಿ ಹುಡುಕಿಕೊಂಡು ಇಲ್ಲೇ ತಿರುಗುವ ನಾವು, ಬಿಡುವಿದ್ದಾಗ ಊರಿನ ಒಬ್ಬರನ್ನು ಮುಂದೆ ಬಿಟ್ಟುಕೊಂಡು ನಡೆಯುತ್ತೇವೆ. ಅವರು ತೋರಿಸುವ ಊರೇ ಬೇರೆ.

ಬಿಸಿಲೆ ರಸ್ತೆಯ ಮಂಕನಹಳ್ಳಿ ಹತ್ತಿರ ನೀರು ಎರಡು ದಾರಿ ಹಿಡಿಯುವ ಏಣು ಇದೆ. ಒಂದು ಮಗ್ಗುಲಿಗೆ ಬಿದ್ದ ಮಳೆ ಹೇಮಾವತಿ, ಕಾವೇರಿ ಸೇರಿ ಬಂಗಾಳ ಕೊಲ್ಲಿಗೆ ಹೋಗುತ್ತದೆ. ಇನ್ನೊಂದು ಮಗ್ಗುಲಿನದು ಕುಮಾರಧಾರಾ, ನೇತ್ರಾವತಿ ಮೂಲಕ ಅರಬ್ಬಿ ಸಮುದ್ರಕ್ಕೆ. ಸುತ್ತಲಿನ ಗುಡ್ಡಗಳ ಮೈಯೆಲ್ಲ ಹುಲ್ಲು, ಸಂದಿಯಲ್ಲಿ ಮಾತ್ರ ಶೋಲಾ ಕಾಡು. ದಾಖಲೆಯಲ್ಲಿ ಇಂಥ ಜಾಗಕ್ಕೆ ಗೋಮಾಳ, ಹುಲ್ಲುಬನ್ನಿ, ಖರಾಬು ಎಂಬ ಹೆಸರು. ಖರಾಬು ಎಂದ ಕೂಡಲೇ ಕೆಲಸಕ್ಕೆ ಬಾರದ ನೆಲ ಅಂದುಕೊಳ್ಳುತ್ತೇವೆ. ಮಳೆಗಾಲದಲ್ಲಿ ಈ ಹುಲ್ಲಿನ ಬೇರು ಹಿಡಿದಿಟ್ಟ ನೀರೇ ಬೇಸಿಗೆಯಲ್ಲಿ ಹಳ್ಳಕ್ಕೆ ಜಿನುಗುವುದು. ಜೀಪಿನ ಚಕ್ರ ಹುಲ್ಲು ಕಿತ್ತ ಕಡೆ ಮೊದಲ ಮಳೆಗೇ ಮಣ್ಣು ಕೊಚ್ಚಿ ಕೊರಕಲು ಬೀಳುತ್ತದೆ.

ಈ ಸೀಮೆಯ ಇತಿಹಾಸವೂ ದಾರಿಯದೇ ಇತಿಹಾಸ. ಟಿಪ್ಪು ಸುಲ್ತಾನ್ 1792ರಲ್ಲಿ ಸಕಲೇಶಪುರದ ಬಳಿ ನಕ್ಷತ್ರದ ಆಕಾರದ ಮಂಜರಾಬಾದ್ ಕೋಟೆ ಕಟ್ಟಿಸಿದ್ದು ಕರಾವಳಿಗೆ ಇಳಿಯುವ ದಾರಿ ಕಾಯಲಿಕ್ಕೆ. ಐಗೂರಿನ ಪಾಳೆಯಗಾರ ವೆಂಕಟಾದ್ರಿ ನಾಯಕ ಇಂಗ್ಲಿಷರಿಗೆ ಬಗ್ಗದೆ ನಿಂತದ್ದು ದಾರಿಯಿಲ್ಲದ ಈ ಕಾಡನ್ನು ನಂಬಿ. 1802ರಲ್ಲಿ ಅವನನ್ನು ಹಿಡಿದು ನೇಣಿಗೇರಿಸಿದ ಸೈನ್ಯದ ಮುಖ್ಯಸ್ಥ ಆರ್ಥರ್ ವೆಲ್ಲೆಸ್ಲಿ, ಮುಂದೆ ವಾಟರ್‌ಲೂನಲ್ಲಿ ನೆಪೋಲಿಯನ್ನನನ್ನು ಸೋಲಿಸಿದವನು.

ಆನೆ ವಿಷಯಕ್ಕೆ ಬಂದರೆ ದಾರಿ ತೋರಿಸುವವರ ಬೆಲೆ ಗೊತ್ತಾಗುತ್ತದೆ. 2023ರ ಡಿಸೆಂಬರ್ 4ರಂದು ಯಸಳೂರು ಸಮೀಪದ ದಬ್ಬಳ್ಳಿಕಟ್ಟೆಯಲ್ಲಿ, ಕಾಡಾನೆ ಸೆರೆ ಹಿಡಿಯುವ ಕಾರ್ಯಾಚರಣೆಯ ನಡುವೆ ಸಲಗದ ಜೊತೆ ಕಾದಾಡಿ ಅರ್ಜುನ ಸತ್ತ. ಮೈಸೂರು ದಸರೆಯಲ್ಲಿ 8 ಸಲ 750 ಕೆ.ಜಿ. ಅಂಬಾರಿ ಹೊತ್ತ ಆನೆ ಅದು. ಮಾವುತರು, ಸಿಬ್ಬಂದಿ, ಅರಿವಳಿಕೆ ಮದ್ದು ಎಲ್ಲ ಇದ್ದೂ ಹಾಗಾಯಿತು. ಮೊಬೈಲು ಹಿಡಿದು ತೋಟದ ಏರಿಯ ಮೇಲೆ ಒಬ್ಬರೇ ನಡೆಯುವವರ ಧೈರ್ಯ ಕಂಡರೆ ನಮಗೆ ಭಯವಾಗುತ್ತದೆ. ಊರಿನವರು ಹಾಗಲ್ಲ. ಲದ್ದಿ ಬಿಸಿ ಇದೆಯೇ ಎಂದು ನೋಡುತ್ತಾರೆ, ಸೀಳಿದ ಬೈನೆ ಮರ ನೋಡುತ್ತಾರೆ. 'ಇವತ್ತು ಬೇಡ ಸಾರ್, ವಾಪಸ್ ಹೋಗನ' ಎಂದರೆ ನಾವು ಮರುಮಾತಾಡದೆ ತಿರುಗುತ್ತೇವೆ.

ಇನ್ನೂ ಕೆಲವು ವಿಷಯ ಯಾವ ಫಲಕದಲ್ಲೂ ಇರುವುದಿಲ್ಲ. ಯಾವ ಬನದಲ್ಲಿ ಚಪ್ಪಲಿ ಬಿಡಬೇಕು, ಸುಗ್ಗಿಯ ದಿನಗಳಲ್ಲಿ ಊರು ಯಾವ ಕಟ್ಟುಪಾಡು ಪಾಲಿಸುತ್ತದೆ, ಇಂಬಳ ಹತ್ತದಂತೆ ಕಾಲಿಗೆ ಏನು ಸವರಬೇಕು. ಇದೆಲ್ಲ ಗೊತ್ತಿರುವ ಹುಡುಗರು ಕೆಲಸವಿಲ್ಲವೆಂದು ಬೆಂಗಳೂರಿನ ಬಸ್ಸು ಹತ್ತುತ್ತಿದ್ದಾರೆ.

2024ರ ಜನವರಿಯಲ್ಲಿ ಕುಮಾರ ಪರ್ವತಕ್ಕೆ ಜನ ಮುಗಿಬಿದ್ದ ಮೇಲೆ ಸರ್ಕಾರ ಆನ್‌ಲೈನ್ ಬುಕಿಂಗ್ ಇಲ್ಲದ ಚಾರಣ ನಿಲ್ಲಿಸಿತು. ಸಂಖ್ಯೆಗೆ ಮಿತಿ ಬೇಕಾದದ್ದೇ. ಆದರೆ ಕಾಡಿನ ಹೊರಗೆ, ಊರಿಂದ ಊರಿಗೆ ಹೋಗುವ ಹಳೆಯ ಕಾಲುದಾರಿಗಳ ಗತಿ ಏನು? ಗ್ರಾಮ ನಕಾಶೆಯಲ್ಲಿ ಚುಕ್ಕಿ ಗೆರೆಯಾಗಿ ಉಳಿದ ಎಷ್ಟೋ ದಾರಿಗಳಿಗೆ ಈಗ ತಂತಿ ಬೇಲಿ, ಗೇಟು ಬಂದಿವೆ. ಇಂಗ್ಲೆಂಡಿನಲ್ಲಿ 1932ರಲ್ಲಿ ನೂರಾರು ಕಾರ್ಮಿಕರು ಕಿಂಡರ್ ಸ್ಕೌಟ್ ಎಂಬ ಬೋಳುಗುಡ್ಡಕ್ಕೆ ಅಪ್ಪಣೆ ಇಲ್ಲದೆ ನಡೆದು, ಕೆಲವರು ಜೈಲಿಗೂ ಹೋದರು. ಅಂಥ ಬೋಳುಗುಡ್ಡಗಳಲ್ಲಿ ನಡೆಯುವ ಹಕ್ಕಿನ ಕಾನೂನು ಅಲ್ಲಿ ಬಂದದ್ದು 2000ದಲ್ಲಿ. ನಮ್ಮಲ್ಲಿ ಅಷ್ಟು ದೊಡ್ಡ ಗಲಾಟೆ ಬೇಕಿಲ್ಲ, ದಾರಿ ನಕಾಶೆಯಲ್ಲೇ ಇದೆ. ದಿನವೂ ಕಾಲು ಬೀಳದ ದಾರಿಯನ್ನು ಯಾರೂ ಕೇಳುವುದಿಲ್ಲ ಅಷ್ಟೆ.

ಹಾಗಾಗಿ ಪಂಚಾಯಿತಿಗಳು ಒಂದು ಕೆಲಸ ಮಾಡಬಹುದು. ಸರ್ವೆಯವರನ್ನು ಕರೆಸಿ ನಕಾಶೆ ಕಂಡ ಕಾಲುದಾರಿಗಳನ್ನು ಗುರುತಿಸಲಿ. ಊರಿನ ಏಳೆಂಟು ಹುಡುಗರು, ಹೆಣ್ಣುಮಕ್ಕಳಿಗೆ ಅರಣ್ಯ ಇಲಾಖೆಯಿಂದ ತರಬೇತಿ ಕೊಡಿಸಿ, ದಿನಕ್ಕೆ ಇಷ್ಟು ಎಂದು ಕೂಲಿ ಗೊತ್ತು ಮಾಡಲಿ. ಒಂದು ತಂಡಕ್ಕೆ ಹತ್ತೇ ಜನ, ಆನೆ ಇದ್ದ ದಿನ ನಡಿಗೆ ಇಲ್ಲ ಎಂಬ ನಿಯಮ ಇರಲಿ. ಬರುವವರೂ ಅಷ್ಟೆ: ಜೀಪಿಗೆ ಕೊಡುವ ದುಡ್ಡಿನಲ್ಲಿ ಅರ್ಧವನ್ನು ಜೊತೆ ನಡೆಯುವ ಊರಿನವರಿಗೆ ಕೊಟ್ಟರೆ ಸಾಕು, ನಮ್ಮ ಹುಡುಗರು ಊರಲ್ಲೇ ಉಳಿದಾರು.