ಸೋತ ಕ್ಯಾಪ್ಟನ್, ಗೆದ್ದ ಗುರು

ಕಳೆದ ವಾರ ಮಂಡ್ಯದಲ್ಲಿ ಖೋ-ಖೋ ಆಡಿ ಮದ್ದೂರಿನ ಮನೆಗೆ ಬಂದ ಮೊಮ್ಮಗಳ ಮುಖ ಬಾಡಿತ್ತು. ಮಳವಳ್ಳಿಯ ತಂಡದೆದುರು ಅವಳ ಶಾಲೆ ಒಂದೇ ಅಂಕದಿಂದ ಸೋತಿತ್ತು. ಕ್ಯಾಪ್ಟನ್ ಅವಳೇ. ಅಜ್ಜಿ ಕೊಟ್ಟ ವಡೆಯನ್ನೂ ಮುಟ್ಟಲಿಲ್ಲ.

“ಎಲ್ಲಾ ನನ್ನಿಂದಲೇ ಆಯ್ತಂತೆ ತಾತ. ಬಸ್ಸಲ್ಲಿ ಎಲ್ಲರೂ ಹಂಗೇ ಅಂದ್ರು.”

ನನಗೆ ಚುರುಕ್ ಎಂದಿತು. ನಾನೂ ಒಮ್ಮೆ ಹಾಗೆ ಅಂದವನೇ.

2007ರ ಮಾರ್ಚ್. ವೆಸ್ಟ್ ಇಂಡೀಸಿನಲ್ಲಿ ಕ್ರಿಕೆಟ್ ವಿಶ್ವಕಪ್. ಭಾರತ ಬಾಂಗ್ಲಾದೇಶಕ್ಕೂ ಶ್ರೀಲಂಕಾಕ್ಕೂ ಸೋತು ಮೊದಲ ಸುತ್ತಿನಲ್ಲೇ ಹೊರಬಿತ್ತು. ಕ್ಯಾಪ್ಟನ್ ನಮ್ಮ ಬೆಂಗಳೂರಿನ ರಾಹುಲ್ ದ್ರಾವಿಡ್. ಟೀ ಅಂಗಡಿಯ ಬೆಂಚಿನಲ್ಲಿ ಅವರನ್ನು ಬೈದವರಲ್ಲಿ ನನ್ನ ದನಿಯೇ ಜೋರು. ಅದೇ ವರ್ಷ ಅವರ ನಾಯಕತ್ವದಲ್ಲಿ ಭಾರತ 21 ವರ್ಷಗಳ ಬಳಿಕ ಇಂಗ್ಲೆಂಡಿನಲ್ಲಿ ಟೆಸ್ಟ್ ಸರಣಿ ಗೆದ್ದಿತು. ಆಗ ಮಾತ್ರ ನನ್ನ ಬಾಯಿಂದ ಒಂದು ಒಳ್ಳೆಯ ಮಾತೂ ಬರಲಿಲ್ಲ.

ಫುಟ್‌ಬಾಲ್‌ನಲ್ಲಿ ಜರ್ಮನಿಯ ಬೆಕೆನ್‌ಬಾವರ್, ಫ್ರಾನ್ಸಿನ ದೆಶಾಂಪ್ ಕ್ಯಾಪ್ಟನ್ನರಾಗಿಯೂ ಕೋಚ್‌ಗಳಾಗಿಯೂ ವಿಶ್ವಕಪ್ ಗೆದ್ದರು. ದ್ರಾವಿಡ್‌ಗೆ ಆಟಗಾರನಾಗಿ ಆ ಭಾಗ್ಯ ಸಿಗಲಿಲ್ಲ. ಆದರೂ ಅವರು ಮೈದಾನ ಬಿಡಲಿಲ್ಲ. ಹತ್ತೊಂಬತ್ತರೊಳಗಿನ ಹುಡುಗರಿಗೆ ಕೋಚ್ ಆದರು. 2018ರಲ್ಲಿ ಆ ಹುಡುಗರು ವಿಶ್ವಕಪ್ ಗೆದ್ದರು. ಬಹುಮಾನವಾಗಿ ದ್ರಾವಿಡ್‌ಗೆ 50 ಲಕ್ಷ, ಜೊತೆಯ ಸಿಬ್ಬಂದಿಗೆ ತಲಾ 20 ಲಕ್ಷ ರೂಪಾಯಿ ಘೋಷಣೆಯಾಯಿತು. ಈ ಭೇದ ಅವರಿಗೆ ಹಿಡಿಸಲಿಲ್ಲ. ಕೊನೆಗೆ ಎಲ್ಲರಿಗೂ ಸಮನಾಗಿ 25 ಲಕ್ಷ ನಿಗದಿಯಾಯಿತು.

2021ರಲ್ಲಿ ಅವರು ದೊಡ್ಡವರ ತಂಡಕ್ಕೂ ಕೋಚ್ ಆದರು. 2023ರಲ್ಲಿ ಅಹಮದಾಬಾದಿನ ಫೈನಲ್‌ನಲ್ಲಿ ಮತ್ತೆ ಸೋಲು. 2024ರ ಜೂನ್ 29ರಂದು, ಅದೇ ವೆಸ್ಟ್ ಇಂಡೀಸಿನ ಬಾರ್ಬಡೋಸ್‌ನಲ್ಲಿ, ಭಾರತ 7 ರನ್ನುಗಳಿಂದ ಟಿ-20 ವಿಶ್ವಕಪ್ ಗೆದ್ದಿತು. ಆಟಗಾರರು ಕಪ್ಪನ್ನು ಕೈಗಿತ್ತಾಗ, ಎಂದೂ ದನಿ ಏರಿಸದ ಆ ಮನುಷ್ಯ ಮಗುವಿನಂತೆ ಕೂಗಿದರು. ಟಿ.ವಿ. ಮುಂದೆ ನನ್ನ ಕಣ್ಣು ಒದ್ದೆಯಾಗಿತ್ತು.

ಇಷ್ಟನ್ನೂ ಕೇಳಿ ಮೊಮ್ಮಗಳು ಕೇಳಿದಳು: “ಅವತ್ತು ಬೈದಿದ್ದು ತಪ್ಪು ಅಂತ ಯಾರ ಹತ್ರನಾದ್ರೂ ಹೇಳಿದ್ಯಾ ತಾತ?”

“ಇಲ್ಲ ಕಣವ್ವ. ಇವತ್ತು ನಿನ್ನ ಮುಂದೆ ಹೇಳ್ತಿದೀನಿ.”

ಅವಳು ಸುಮ್ಮನೆ ವಡೆ ಮುರಿದು ಅರ್ಧ ನನ್ನ ಕೈಗಿಟ್ಟಳು. ಮಾರನೆಯ ದಿನ ಬೆಳಿಗ್ಗೆ ಎಂದಿಗಿಂತ ಅರ್ಧ ಗಂಟೆ ಮುಂಚೆಯೇ ಶಾಲೆಗೆ ಹೊರಟಳು. ಐದನೇ ಕ್ಲಾಸಿನ ಮಕ್ಕಳಿಗೆ ಖೋ ಕೊಡುವುದನ್ನು ಕಲಿಸಬೇಕಂತೆ.