ಇಸ್ತ್ರಿ ಕೆಡದ ಹಾಗೆ

ಮೈಸೂರಿನಲ್ಲಿ ಐವತ್ತು ದಾಟಿದ ಗಂಡಸೊಬ್ಬ ಇಸ್ತ್ರಿ ಮಾಡಿದ ಷರಟು ತೊಟ್ಟು ಸೈಕಲ್ ಹತ್ತಿದರೆ ಬೀದಿಯವರಿಗೆ ಮೂರು ಅನುಮಾನಗಳು ಬರುತ್ತವೆ. ಒಂದು, ಗಾಡಿ ಕೆಟ್ಟಿದೆ. ಎರಡು, ಡಾಕ್ಟರು ಹೆದರಿಸಿದ್ದಾರೆ. ಮೂರನೆಯದನ್ನು ಯಾರೂ ನೇರವಾಗಿ ಕೇಳುವುದಿಲ್ಲ. ಮಗನಿಗೆ ಕೆಲಸ ಸಿಕ್ಕಿತೇ, ಮನೆಸಾಲ ತೀರಿತೇ ಎಂದು ಸುತ್ತಿಬಳಸಿ ವಿಚಾರಿಸುತ್ತಾರೆ. “ಏನ್ ಸಾರ್, ಗಾಡಿ ಸರ್ವೀಸ್‌ಗೆ ಬಿಟ್ಟಿದ್ದೀರಾ?” ಎಂಬುದು ನಮ್ಮ ದಿನಸಿ ಅಂಗಡಿಯವರ ಕಾಯಂ ಪ್ರಶ್ನೆ. ಇಲ್ಲ ಎಂದರೆ ಮುಂದಿನದು ಸಿದ್ಧವಾಗಿರುತ್ತದೆ: “ಶುಗರ್ರಾ?” ಶುಗರೂ ಇಲ್ಲ, ಸುಮ್ಮನೆ ದೇವರಾಜ ಮಾರುಕಟ್ಟೆಗೆ ಹೊರಟಿದ್ದೇನೆ ಎಂದರೆ ಅವರ ಮುಖದಲ್ಲಿ ನಂಬಿಕೆ ಕಾಣುವುದಿಲ್ಲ. ಸುಮ್ಮನೆ ಯಾರು ತಾನೇ ಸೈಕಲ್ ತುಳಿಯುತ್ತಾರೆ?

ತುಳಿಯುವವರೇನೋ ಊರಲ್ಲಿ ಇದ್ದಾರೆ. ಬೆಳಗಿನ ಐದೂವರೆಗೆ ಚಾಮುಂಡಿ ಬೆಟ್ಟದ ರಸ್ತೆಗೆ ಹೋಗಿ ನೋಡಿ. ಹೆಲ್ಮೆಟ್ಟು, ಕಪ್ಪು ಕನ್ನಡಕ, ಮೈಗೆ ಅಂಟಿದ ಬಣ್ಣದ ಉಡುಪು, ಸ್ಕೂಟರಿಗಿಂತ ಹೆಚ್ಚು ಬೆಲೆಯ ಸೈಕಲ್ಲು. ಊರಿನ ಮಟ್ಟದಿಂದ ಸುಮಾರು 300 ಮೀಟರ್ ಮೇಲಕ್ಕೆ ಏದುಸಿರು ಬಿಡುತ್ತ ಏರಿ, ನಂದಿಯ ಹತ್ತಿರ ಫೋಟೋ ತೆಗೆಸಿಕೊಂಡು, ಇಳಿದು ಬಂದು, ಸ್ನಾನ ಮಾಡಿ, ಎರಡು ಕಿಲೋಮೀಟರ್ ದೂರದ ಆಫೀಸಿಗೆ ಕಾರಿನಲ್ಲಿ ಹೋಗುತ್ತಾರೆ. ಅವರ ಬಗ್ಗೆ ನನಗೆ ಗೌರವವಿದೆ, ಅವರ ಮೊಣಕಾಲಿನ ಬಗ್ಗೆ ಸ್ವಲ್ಪ ಅಸೂಯೆಯೂ ಇದೆ. ಅವರು ಮನೆಗೆ ಮರಳುವ ಹೊತ್ತಿಗೆ ಇನ್ನೊಂದು ದಂಡು ಊರೊಳಗೆ ಬರುತ್ತದೆ: ಬೋಗಾದಿ ಕಡೆಯ ಮಾಲಿಗಳು, ಛತ್ರದ ಅಡಿಗೆಯವರು, ಗ್ಯಾರೇಜಿನ ಹುಡುಗರು, ಹ್ಯಾಂಡಲಿಗೆ ಊಟದ ಡಬ್ಬಿ ತೂಗಿಬಿಟ್ಟ ಗಾರೆ ಕೆಲಸದವರು. ಇವರನ್ನು ಯಾರೂ ಏನೂ ಕೇಳುವುದಿಲ್ಲ, ಇವರ ಫೋಟೋವನ್ನು ಯಾರೂ ತೆಗೆಯುವುದಿಲ್ಲ. ಒಬ್ಬರಿಗೆ ಸೈಕಲ್ಲು ವ್ಯಾಯಾಮ, ಇನ್ನೊಬ್ಬರಿಗೆ ಬೇರೆ ದಾರಿಯಿಲ್ಲದ್ದು. ನಡುವೆ ಇದ್ದ ಗುಮಾಸ್ತರು, ಮೇಷ್ಟ್ರುಗಳು, ಬ್ಯಾಂಕಿನವರು, ಸಂಗೀತದ ಕ್ಲಾಸಿಗೆ ಹೋಗುವ ಹುಡುಗಿಯರು ಎಲ್ಲಿ ಹೋದರು?

ಈ ನಡುವಿನವರೇ ಒಂದು ಕಾಲದಲ್ಲಿ ಮೈಸೂರಿನ ಸೈಕಲ್ಲಿಗೆ ಠೀವಿ ತಂದವರು. ನಾನು ಚಿಕ್ಕವನಾಗಿದ್ದಾಗ ಕೃಷ್ಣಮೂರ್ತಿಪುರಂ ಕಡೆ ಕಚ್ಚೆಪಂಚೆ, ಕ್ಲೋಸ್ ಕಾಲರ್ ಕೋಟು, ಕರಿಟೋಪಿಯ ಹಿರಿಯರು ಇನ್ನೂ ಸೈಕಲ್ ಮೇಲೆ ಕಾಣಸಿಗುತ್ತಿದ್ದರು. ಅವರು ಹತ್ತುವುದನ್ನು ನೋಡಬೇಕಿತ್ತು. ಎಡಗಾಲನ್ನು ಪೆಡಲಿನ ಮೇಲಿಟ್ಟು, ಬಲಗಾಲಿನಲ್ಲಿ ನೆಲವನ್ನು ಎರಡು ಸಲ ಒದ್ದು, ಗಾಡಿ ಓಡತೊಡಗಿದ ಮೇಲೆ ನಿಧಾನವಾಗಿ ಕಾಲನ್ನು ಹಿಂದಿನಿಂದ ಆಚೆಗೆ ದಾಟಿಸುತ್ತಿದ್ದರು. ಕೋಟಿನ ಒಂದು ಮಡಿಕೆಯೂ ಅಲುಗುತ್ತಿರಲಿಲ್ಲ. ಕೊಡೆಯನ್ನು ಕತ್ತಿನ ಹಿಂದೆ ಕಾಲರಿಗೆ ಸಿಕ್ಕಿಸಿ ಬೆನ್ನಿಗೆ ನೇತುಬಿಟ್ಟಿರುತ್ತಿದ್ದರು. ಕಾಲರು ಕೊಳೆಯಾಗದಂತೆ ಒಂದು ಕರವಸ್ತ್ರ. ಪ್ಯಾಂಟಿನವರಾದರೆ ಬಲಗಾಲಿಗೆ ಮಾತ್ರ ಒಂದು ಸ್ಟೀಲಿನ ಕ್ಲಿಪ್ಪು, ಯಾಕೆಂದರೆ ಚೈನು ಇರುವುದು ಬಲಕ್ಕೆ. ಆಫೀಸಿನ ಬಾಗಿಲಲ್ಲಿ ಕ್ಲಿಪ್ಪು ತೆಗೆದು ಜೇಬಿಗಿಳಿಸಿದರೆ ಸಾಕು, ಅವರು ಸೈಕಲ್ಲಿನಲ್ಲಿ ಬಂದದ್ದಕ್ಕೆ ಬೇರೆ ಸಾಕ್ಷಿ ಇರುತ್ತಿರಲಿಲ್ಲ. ಕತ್ತಲಾದ ಮೇಲೆ ದೀಪವಿಲ್ಲದೆ ಹೊರಟರೆ, ಡಬಲ್ಸ್ ಹೋದರೆ ಪೊಲೀಸರು ಹಿಡಿದು ಟೈರಿನ ಗಾಳಿ ಬಿಡುತ್ತಿದ್ದ ಕಾಲ ಅದು. ಈಗ ಯಾವ ಪೊಲೀಸರೂ ಸೈಕಲ್ಲಿನವನನ್ನು ತಡೆಯುವುದಿಲ್ಲ. ಅವನು ಅವರ ಕಣ್ಣಿಗೂ ಬೀಳುವುದಿಲ್ಲ, ಲೆಕ್ಕಕ್ಕೂ ಬರುವುದಿಲ್ಲ.

2006ರಲ್ಲಿ ಕೋಪನ್‌ಹೇಗನ್ನಿನ ಒಂದು ಸಿಗ್ನಲ್ಲಿನಲ್ಲಿ ಸ್ಕರ್ಟು, ಬೂಟು ತೊಟ್ಟು ಸೈಕಲ್ ಮೇಲಿದ್ದ ಹೆಂಗಸಿನ ಚಿತ್ರವನ್ನು ಮಿಕೇಲ್ ಕೋಲ್ವಿಲ್-ಆಂಡರ್ಸನ್ ಎಂಬಾತ ತೆಗೆದ. ಅಲ್ಲಿಂದ ‘ಸೈಕಲ್ ಶಿಕ್’ ಎಂಬ ಹೆಸರಿನಲ್ಲಿ, ಹೋಗುವ ಜಾಗಕ್ಕೆ ತಕ್ಕ ಬಟ್ಟೆ ಹಾಕಿಕೊಂಡೇ ಸೈಕಲ್ ತುಳಿಯುವುದು ಒಂದು ಫ್ಯಾಶನ್ ಆಗಿ ದೇಶದೇಶಗಳಿಗೆ ಹಬ್ಬಿತು. ಒಳ್ಳೆಯ ಕೆಲಸವೇ. ಆದರೆ ನಮ್ಮ ಕಚ್ಚೆಪಂಚೆಯ ಹಿರಿಯರ ಫೋಟೋ ಯಾರಾದರೂ ಸಿಗ್ನಲ್ಲಿನಲ್ಲಿ ನಿಂತು ತೆಗೆದಿದ್ದರೆ ಈ ಫ್ಯಾಶನ್ನಿಗೆ ಬೇರೆ ಊರಿನ ಹೆಸರು ಬರುತ್ತಿತ್ತೋ ಏನೋ. ಆಗ ನಮ್ಮಲ್ಲಿ ಸಿಗ್ನಲ್ಲುಗಳೂ ಕಡಿಮೆ.

ಬಟ್ಟೆ ಕೆಡದೆ ಉಳಿಯುತ್ತಿದ್ದುದಕ್ಕೆ ಅರ್ಧ ಕಾರಣ ಸವಾರನ ನಾಜೂಕಾದರೆ ಇನ್ನರ್ಧ ಸೈಕಲ್ಲಿನದು. ಆ ಕರಿಯ 28 ಇಂಚಿನ ಚಕ್ರದ ಗಾಡಿಯ ಮೇಲೆ ಬೆನ್ನು ನೆಟ್ಟಗಿರುತ್ತಿತ್ತು. ಚೈನಿಗೆ ಪೂರ್ತಿ ಮುಚ್ಚಿದ ಕವರು, ಎರಡು ಚಕ್ರಕ್ಕೂ ಮಡ್‌ಗಾರ್ಡು, ಹಿಂದೆ ಕ್ಯಾರಿಯರು, ಗಟ್ಟಿ ಸ್ಟ್ಯಾಂಡು, ಬೆಲ್ಲು, ಡೈನಮೊ ದೀಪ, ಎಲ್ಲವೂ ಇರುತ್ತಿದ್ದವು. ಈಗ ಅಂಗಡಿಗೆ ಹೋದರೆ ಥಳಥಳ ಹೊಳೆಯುವ ಸೈಕಲ್ಲುಗಳಲ್ಲಿ ಇವು ಒಂದೂ ಇರುವುದಿಲ್ಲ. ಕೊಡೆಯ ಬಟ್ಟೆ ಕಿತ್ತು ಕಡ್ಡಿ ಮಾತ್ರ ಮಾರಿದ ಹಾಗೆ. ಜೂನ್‌ನ ಮೊದಲ ಮಳೆಯಲ್ಲಿ ಅದನ್ನು ತುಳಿದವನ ಬೆನ್ನ ಮೇಲೆ ಕೆಸರಿನ ಪಟ್ಟೆ ಬೀಳುತ್ತದೆ, ಪ್ಯಾಂಟಿಗೆ ಎಣ್ಣೆ ಹತ್ತುತ್ತದೆ, ಬಗ್ಗಿ ಕೂತು ಸೊಂಟ ಹಿಡಿಯುತ್ತದೆ. ಮಾರನೆಯ ದಿನದಿಂದ ಸೈಕಲ್ಲು ಬಾಲ್ಕನಿ ಸೇರಿ ಅದರ ಮೇಲೆ ಟವೆಲ್ ಒಣಗುತ್ತದೆ. ಆಮೇಲೆ ನಾವು ಜನರಿಗೆ ಸೋಮಾರಿತನ ಎನ್ನುತ್ತೇವೆ. ಹಳೆಯ ಮಾದರಿಯ ಗಾಡಿಗಳನ್ನು ಮನೆಮನೆಗೆ ತಲುಪಿಸಿದ ಅಟ್ಲಾಸ್ ಕಂಪನಿ ತನ್ನ ಕೊನೆಯ ಕಾರ್ಖಾನೆಯ ಕೆಲಸ ನಿಲ್ಲಿಸಿದ್ದು 2020ರ ಜೂನ್ 3ರಂದು. ವಿಶ್ವಸಂಸ್ಥೆ 2018ರಲ್ಲಿ ಗೊತ್ತುಮಾಡಿದ ವಿಶ್ವ ಸೈಕಲ್ ದಿನವೂ ಅದೇ ಜೂನ್ 3.

ಇಷ್ಟಾದರೂ ನನ್ನ ದೂರು ಸೈಕಲ್ ಕಂಪನಿಗಳ ಮೇಲಲ್ಲ, ನಮ್ಮ ಮರ್ಯಾದೆಯ ಮೇಲೆ. 1961ರಲ್ಲಿ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ ಶುರುವಾಗಿ 1996ರಲ್ಲಿ ಮುಚ್ಚುವವರೆಗೆ ಈ ಊರಿನ ಹುಡುಗರು ಕಂಡ ಕನಸಿಗೆಲ್ಲ ಜಾವಾ, ಯೆಜ್ಡಿ ಎಂಬ ಹೆಸರಿತ್ತು. ನೌಕರಿ ಸಿಕ್ಕರೆ ಯೆಜ್ಡಿ, ಮದುವೆಯಾದರೆ ಸ್ಕೂಟರು, ಬಡ್ತಿ ಬಂದರೆ ಕಾರು. ಈ ಮೆಟ್ಟಿಲಲ್ಲಿ ಸೈಕಲ್ಲು ತೀರ ಕೆಳಗಿನದು. ಅದನ್ನು ಮತ್ತೆ ಹತ್ತುವವನು ಮೇಲಿನಿಂದ ಜಾರಿದವನೇ ಇರಬೇಕೆಂದು ಬೀದಿ ತೀರ್ಮಾನಿಸುತ್ತದೆ. ಪರಿಸರ, ಪೆಟ್ರೋಲು, ಕೊಲೆಸ್ಟ್ರಾಲು ಎಂದು ಎಷ್ಟು ಉಪನ್ಯಾಸ ಕೊಟ್ಟರೂ ಈ ತೀರ್ಮಾನ ಕದಲುವುದಿಲ್ಲ. ಸೈಕಲ್ ಜಾಥಾಗಳದ್ದೂ ಅದೇ ಕಥೆ. ಎಲ್ಲರಿಗೂ ಒಂದೇ ಬಣ್ಣದ ಟೀಷರ್ಟು, ಟೋಪಿ, ಹಸಿರು ಬಾವುಟ, ಗಣ್ಯರ ಸೈಕಲ್ ಹಿಡಿದುಕೊಳ್ಳಲು ಇಬ್ಬರು. ಸೋಮವಾರ ಟೀಷರ್ಟು ಸ್ಕೂಟರ್ ಒರೆಸುವ ಕೆಲಸಕ್ಕೆ ಸೇರುತ್ತದೆ. ದಸರಾ ಹೊತ್ತಿನಲ್ಲಿ ಪುರಭವನದಿಂದ ಹೊರಡುವ ಪಾರಂಪರಿಕ ಸೈಕಲ್ ಸವಾರಿಗಳು ಇವಕ್ಕಿಂತ ಮೇಲು ಎನ್ನುತ್ತೇನೆ. ಅಲ್ಲಿ ಪಂಚೆ, ಸೀರೆ, ಪೇಟ ಕಣ್ಣಿಗೆ ಬೀಳುತ್ತವೆ, ನೋಡುವವರಿಗೂ ಆಸೆಯಾಗುತ್ತದೆ.

ಮರ್ಯಾದೆಯ ಗಂಟನ್ನು ಸ್ವಲ್ಪ ಸಡಿಲಿಸಿದ್ದು ಟ್ರಿಣ್ ಟ್ರಿಣ್ ಎಂಬ ಸಾರ್ವಜನಿಕ ಸೈಕಲ್ ಯೋಜನೆ. 2017ರ ಜೂನ್ 4ರಂದು ಆಗಿನ ಮುಖ್ಯಮಂತ್ರಿ ಸಿದ್ದರಾಮಯ್ಯನವರು ಉದ್ಘಾಟಿಸಿದಾಗ 450 ಸೈಕಲ್ಲು, 48 ನಿಲ್ದಾಣಗಳಿದ್ದವು. ಕಾರ್ಡು ತೋರಿಸಿ ಒಂದು ಕಡೆ ತೆಗೆದುಕೊಂಡು ಇನ್ನೊಂದು ಕಡೆ ಬಿಡುವುದು. ಸಾವಿರಾರು ಜನ ಸದಸ್ಯರಾದರು. ಅದರ ಲೆಕ್ಕಪತ್ರ, ನಿರ್ವಹಣೆಯ ತಕರಾರುಗಳನ್ನು ಬಲ್ಲವರು ಬರೆಯಲಿ. ನಾನು ಗಮನಿಸಿದ್ದು ಬೇರೆ. ಎಲ್ಲ ಸೈಕಲ್ಲೂ ಒಂದೇ ತರಹ ಇದ್ದುದರಿಂದ ಯಾರ ಅಂತಸ್ತೂ ತಿಳಿಯುತ್ತಿರಲಿಲ್ಲ. ಪ್ರೊಫೆಸರಿಗೂ ಪ್ರವಾಸಿಗೂ ಹೋಟೆಲಿನ ಸಪ್ಲೈಯರಿಗೂ ಅದೇ ಗಾಡಿ. “ಗಾಡಿ ಸರ್ವೀಸ್‌ಗಾ?” ಎಂದು ಕೇಳಲು ಯಾರಿಗೂ ಧೈರ್ಯ ಬರಲಿಲ್ಲ, ಯಾಕೆಂದರೆ ಅದು ಸರ್ಕಾರದ್ದು, ಹೊಸದು, ಪೇಪರಿನಲ್ಲಿ ಬಂದದ್ದು. ಸ್ವಂತ ಸೈಕಲ್ ಹತ್ತಲು ನಾಚುತ್ತಿದ್ದ ನನ್ನ ಗೆಳೆಯನೊಬ್ಬ ಟೈ ಕಟ್ಟಿಕೊಂಡು ಅದನ್ನು ತುಳಿದ.

ಹೆಂಗಸರ ವಿಷಯಕ್ಕೆ ಬಂದರೆ ಮರ್ಯಾದೆಯ ಗಂಟು ಇನ್ನೂ ಬಿಗಿ. 2006-07ರಲ್ಲಿ ರಾಜ್ಯ ಸರ್ಕಾರ ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ ಕೊಡಲು ಶುರುಮಾಡಿದ ಮೇಲೆ ನಂಜನಗೂಡು, ತಿ. ನರಸೀಪುರದ ಕಡೆ ಹಳ್ಳಿ ರಸ್ತೆಗಳಲ್ಲಿ ಎರಡು ಜಡೆಯ ಹುಡುಗಿಯರು ಸಾಲಾಗಿ, ಮಾತಾಡುತ್ತ, ಬಸ್ಸಿಗೂ ದಾರಿ ಬಿಡದೆ ಹೋಗುವುದನ್ನು ಕಂಡಿದ್ದೇನೆ. ಅವರೇ ಪಿಯುಸಿಗೆಂದು ಮೈಸೂರಿಗೆ ಬಂದರೆ ಸೈಕಲ್ಲು ಊರಲ್ಲೇ ಉಳಿಯುತ್ತದೆ, ಅಪ್ಪ ಅದರ ಕ್ಯಾರಿಯರಿಗೆ ಹುಲ್ಲಿನ ಹೊರೆ ಕಟ್ಟುತ್ತಾನೆ. ತಮಿಳುನಾಡಿನ ಪುದುಕ್ಕೋಟೆಯಲ್ಲಿ 1990ರ ದಶಕದ ಆರಂಭದಲ್ಲಿ ಸಾಕ್ಷರತಾ ಆಂದೋಲನದ ಜೊತೆಗೆ ಸಾವಿರಾರು ಹೆಂಗಸರು ಸೈಕಲ್ ಕಲಿತರು. ಲೇಡೀಸ್ ಸೈಕಲ್ ಸಾಲದೆ ಗಂಡಸರ ಸೈಕಲ್ಲನ್ನೇ ಹತ್ತಿದರು, ಅಡ್ಡಪಟ್ಟಿಯ ಮೇಲೆ ಮಗು ಕೂರಿಸಲು ಅದೇ ವಾಸಿ ಎಂದರಂತೆ. ಒಬ್ಬಳು ತುಳಿದರೆ ಊರೆಲ್ಲ ನೋಡುತ್ತದೆ. ನೂರು ಜನ ತುಳಿದರೆ ಊರಿಗೆ ನೋಡಲು ಪುರುಸೊತ್ತಾದರೂ ಎಲ್ಲಿಂದ ಬರಬೇಕು?

ಸೀರೆಯಲ್ಲಿ ಸೈಕಲ್ ಆಗುವುದಿಲ್ಲ ಎನ್ನುವವರು ನನ್ನ ಸೋದರತ್ತೆಯನ್ನು ನೋಡಿಲ್ಲ. ನೆರಿಗೆಗೆ ಒಂದು ಪಿನ್ನು, ಸೆರಗು ಸೊಂಟಕ್ಕೆ, ಹಿಂದಿನ ಚಕ್ರಕ್ಕೆ ದಾರದ ಬಲೆ, ಕ್ಯಾರಿಯರಿಗೆ ವೀಣೆಯ ಪಾಠದ ಪುಸ್ತಕ. ಚೂಡಿದಾರದವರಿಗೆ ಅಪಾಯ ದುಪ್ಪಟ್ಟದ್ದು, ಅದನ್ನು ಅಡ್ಡಲಾಗಿ ಹಾಕಿ ಸೊಂಟದಲ್ಲಿ ಗಂಟು ಬಿಗಿದರೆ ಮುಗಿಯಿತು. ಹೆಲ್ಮೆಟ್ ಹಾಕುವವರು ಖಂಡಿತ ಹಾಕಲಿ, ರಿಂಗ್ ರೋಡಿಗೆ ಹೋದರೆ ನಾನೂ ಹಾಕುತ್ತೇನೆ. ಆದರೆ ಹೆಲ್ಮೆಟ್ಟು, ಗ್ಲೌಸು, ನೀರಿನ ಬಾಟಲಿ, ಮೊಬೈಲಿನಲ್ಲಿ ಲೆಕ್ಕ, ಇಷ್ಟೂ ಹೊಂದಿಸಿಕೊಂಡೇ ಸೈಕಲ್ ಹತ್ತಬೇಕೆಂದರೆ ಕೊತ್ತಂಬರಿ ಸೊಪ್ಪು ತರಲು ಯಾರೂ ಹೋಗುವುದಿಲ್ಲ.

ಬೆವರಿನ ಭಯವೂ ಒಂದು. ಮೈಸೂರಿನ ಹವೆಗೆ ಬೆವರಿಳಿಯುವುದು ಅವಸರದವರಿಗೆ ಮಾತ್ರ. ಕುವೆಂಪುನಗರದಿಂದ ಕೆ.ಆರ್. ಸರ್ಕಲ್ಲಿಗೆ ಕಚೇರಿಯ ಉಡುಪಿನಲ್ಲಿ ಆರಾಮವಾಗಿ ಹೊರಟರೆ ಇಪ್ಪತ್ತು ಇಪ್ಪತ್ತೈದು ನಿಮಿಷ, ಅಷ್ಟೆ. ಏರು ಬಂದರೆ ಇಳಿದು ತಳ್ಳುವುದಕ್ಕೆ ನಾಚಿಕೆಯೇನೂ ಬೇಡ; ಯಾದವಗಿರಿಯ ಏರಿನಲ್ಲಿ ನಾನು ಇಳಿಯುತ್ತೇನೆ, ಎದುರು ಬರುವ ಪರಿಚಯದವರೊಂದಿಗೆ ಮಾತಾಡಲು ಅದೇ ನೆಪವಾಗುತ್ತದೆ. ವಾಹನಗಳ ಕಾಟ ತಪ್ಪಿಸಲು ಹಳೆಯ ಬಡಾವಣೆಗಳಲ್ಲಿ ಇನ್ನೊಂದು ಉಪಾಯವಿದೆ. ಪ್ಲೇಗು ಬಂದು ಹೋದ ಮೇಲೆ 1903ರಲ್ಲಿ ಹುಟ್ಟಿದ ನಗರಾಭಿವೃದ್ಧಿ ವಿಶ್ವಸ್ಥ ಮಂಡಳಿಯ ಕಾಲದ ಬಡಾವಣೆಗಳಲ್ಲಿ ಮನೆಗಳ ಹಿಂದೆ ಕನ್ಸರ್ವೆನ್ಸಿ ಗಲ್ಲಿಗಳಿವೆ. ಗಾಳಿ ಬೆಳಕು ಆಡಲಿ, ಜಾಡಮಾಲಿಗಳಿಗೆ ದಾರಿಯಿರಲಿ ಎಂದು ಬಿಟ್ಟದ್ದು. ಚಾಮರಾಜಪುರಂನ ಇಂಥ ಗಲ್ಲಿಯಲ್ಲಿ ಹೋದರೆ ಮುಂಬಾಗಿಲಿನ ಮೈಸೂರು ತಪ್ಪಿ ಹಿತ್ತಿಲಿನ ಮೈಸೂರು ಕಾಣುತ್ತದೆ: ಒಗೆಯುವ ಕಲ್ಲು, ಕರಿಬೇವಿನ ಗಿಡ, ಒಗ್ಗರಣೆಯ ಘಮ, ಯಾರದೋ ಮನೆಯ ರೇಡಿಯೊ. ಈ ಗಲ್ಲಿಗಳ ಕಸ ತೆಗೆದು, ಕಲ್ಲು ಸಮ ಮಾಡಿ, ಸೈಕಲ್ಲಿಗೂ ಕಾಲ್ನಡೆಗೂ ಮಾತ್ರ ಎಂದು ಒಂದು ಬೋರ್ಡು ಹಾಕಿದರೆ ಸಾಕು, ಮುಖ್ಯರಸ್ತೆಯ ಅಂಚಿಗೆ ಬಣ್ಣ ಬಳಿಯುವುದಕ್ಕಿಂತ ಹೆಚ್ಚು ಜನ ಹೊರಡುತ್ತಾರೆಂದು ನನ್ನ ನಂಬಿಕೆ.

ಹೋದ ಮೇಲೆ ಸೈಕಲ್ಲನ್ನು ನಿಲ್ಲಿಸುವುದೆಲ್ಲಿ ಎಂಬ ಪ್ರಶ್ನೆಗೂ ಉತ್ತರ ಬೇಕು. ಹಿಂದೆ ಎಲ್ಲ ಸಿನಿಮಾ ಮಂದಿರಗಳಲ್ಲಿ ಸೈಕಲ್ ಸ್ಟ್ಯಾಂಡಿತ್ತು, ತಗಡಿನ ಬಿಲ್ಲೆ ಕೊಡುತ್ತಿದ್ದರು. ಮ್ಯಾಟಿನಿ ಬಿಟ್ಟಾಗ ಯಾರೋ ಒಬ್ಬ ಅವಸರದಲ್ಲಿ ತನ್ನದನ್ನು ಎಳೆದರೆ ಸಾಲಿಗೆ ಸಾಲೇ ಧಡಧಡ ಬೀಳುತ್ತಿತ್ತು. ಈಗ ಕಲ್ಯಾಣ ಮಂಟಪಕ್ಕೆ ಸೈಕಲ್ಲಿನಲ್ಲಿ ಹೋಗಿ ನೋಡಿ. ರೇಷ್ಮೆ ಪಂಚೆ, ಶಲ್ಯ, ಕೈಯಲ್ಲಿ ಉಡುಗೊರೆಯ ಕವರು. ಕಾವಲುಗಾರ ಕಾರುಗಳನ್ನು ಎಡಕ್ಕೆ, ಬೈಕುಗಳನ್ನು ಬಲಕ್ಕೆ ಕಳಿಸುತ್ತಿರುತ್ತಾನೆ. ನಾನು ಒಮ್ಮೆ ಹೀಗೆ ಹೋದಾಗ ನನ್ನನ್ನು ಕಂಡು ಅವನ ಕೈ ಗಾಳಿಯಲ್ಲೇ ನಿಂತಿತು. ಮೊದಲು ಅಡಿಗೆಮನೆಯ ಬಾಗಿಲು ತೋರಿಸಿದ. ಶಲ್ಯ ನೋಡಿ ಅನುಮಾನ ಬಂದು, “ಪುರೋಹಿತ್ರಾ ಸ್ವಾಮಿ?” ಎಂದ. ಗಂಡಿನ ಕಡೆಯವನು ಎಂದೆ. ಕೊನೆಗೆ ಸೈಕಲ್ಲನ್ನು ಬಾಳೆಕಂಬದ ಪಕ್ಕದಲ್ಲೇ ನಿಲ್ಲಿಸಿದ. ಛತ್ರಕ್ಕೆ ಬಂದವರೆಲ್ಲ ಅದನ್ನು ನೋಡಿಕೊಂಡೇ ಒಳಗೆ ಹೋದರು. ಊಟದ ಪಂಕ್ತಿಯಲ್ಲಿ ಮೂರು ಜನ ಬೆಲೆ ಕೇಳಿದರು.

ಆ ಮೂವರಲ್ಲಿ ಒಬ್ಬರು ನಮ್ಮ ಹಿಂದಿನ ಬೀದಿಯವರು, ಬ್ಯಾಂಕಿನಿಂದ ನಿವೃತ್ತರಾದ ಹೆಂಗಸು. ಹೈಸ್ಕೂಲಿನಲ್ಲಿ ತುಳಿಯುತ್ತಿದ್ದರಂತೆ, ಮದುವೆಯಾದ ಮೇಲೆ ಬಿಟ್ಟರಂತೆ. ಹೋದ ವಾರ ಅಂಗಡಿಗೆ ಜೊತೆಗೆ ಬನ್ನಿ ಎಂದರು. ಹುಡುಗ ಗುಲಾಬಿ ಬಣ್ಣದ್ದೊಂದನ್ನು ಉರುಳಿಸಿಕೊಂಡು ಬಂದ.

“ಮೊಮ್ಮಗಳಿಗಾ ಮೇಡಂ?”

“ನಂಗೇ ಕಣಪ್ಪ. ಇದರ ಚೈನ್ ಕವರ್ ಎಲ್ಲಿ?”

“ಈ ಮಾಡೆಲ್‌ಗೆ ಬರಲ್ಲ ಮೇಡಂ, ಲೈಟ್‌ವೇಯ್ಟು.”

“ನನ್ನ ಸೀರೆನೂ ಲೈಟ್‌ವೇಯ್ಟೇ. ಚೈನ್ ಕವರು, ಮಡ್‌ಗಾರ್ಡು, ಮುಂದೊಂದು ಬುಟ್ಟಿ, ಹಿಂದೆ ಬಲೆ. ಬಣ್ಣ ಹಸಿರಾದರೆ ಒಳ್ಳೇದು, ಗುಲಾಬಿ ಬೇಡವೇ ಬೇಡ.”

ಅವನು ನನ್ನ ಮುಖ ನೋಡಿದ. ನಾನು ಟೈರುಗಳನ್ನು ಒತ್ತಿ ನೋಡುತ್ತ ನಿಂತಿದ್ದೆ. ಒಳಗಿದ್ದ ಮಾಲೀಕರು ಕನ್ನಡಕ ಸರಿಮಾಡಿಕೊಂಡು ಎದ್ದು ಬಂದು, ಹಳೇ ಸ್ಟಾಕಿನಲ್ಲಿ ಚೈನ್ ಕವರ್ ಹುಡುಕಿಸುತ್ತೇನೆ, ಬಲೆ ಹೆಣೆಯುವವರು ಒಬ್ಬರಿದ್ದಾರೆ, ಗುರುವಾರ ಬನ್ನಿ ಅಮ್ಮ ಎಂದರು. ಐನೂರು ರೂಪಾಯಿ ಅಡ್ವಾನ್ಸ್ ಕೊಟ್ಟು ರಸೀದಿ ಬರೆಸಿಕೊಂಡಿದ್ದಾರೆ.