ಹಿಂದಿನ ಬ್ರೇಕು, ಕರಿ ಧೂಳು

ಸ್ವಲ್ಪ ಉದ್ದ ಇದೆ, ಪುರುಸೊತ್ತು ಮಾಡ್ಕೊಂಡು ಓದಿ.

ಹೋದ ಭಾನುವಾರ ನಮ್ಮ ಕಾರಿನ ಹಿಂದಿನ ಎರಡೂ ಚಕ್ರದ ಬ್ರೇಕ್ ಪ್ಯಾಡ್ ಮತ್ತು ರೋಟರ್‌ಗಳನ್ನ ಅಶೋಕಪುರಂನ ನಮ್ಮ ಮನೆ ಮುಂದೇನೇ ಬದಲಾಯಿಸಿದೆ. ಹೇಗೆ ಮಾಡಿದ್ರಿ ಅಂತ ಕೇಳಿದವರು ಕಡಿಮೆ. ಯಾಕೆ ಮಾಡಿದ್ರಿ, ಸಂಬಳ ಬರಲ್ವಾ, ಗ್ಯಾರೇಜ್ ಇಲ್ವಾ ಅಂತ ಕೇಳಿದವರೇ ಜಾಸ್ತಿ. ಎರಡಕ್ಕೂ ಸೇರಿಸಿ ಹೇಳ್ತೀನಿ.

ನನ್ನದು 2012ರ ಷೆವ್ರೊಲೆ ಕ್ರೂಜ್, ಸೆಕೆಂಡ್ ಹ್ಯಾಂಡ್. ಈ ಕಂಪನಿ 2017ರ ಕೊನೆಗೆ ಭಾರತದಲ್ಲಿ ಹೊಸ ಕಾರು ಮಾರೋದು ನಿಲ್ಲಿಸ್ತು. ಆಮೇಲೆ ಹಳೇ ಗಾಡಿಗಳ ಬೆಲೆ ಇಳೀತು. ಇಷ್ಟು ದೊಡ್ಡ ಗಾಡಿ ಒಬ್ಬ ಗುಮಾಸ್ತನ ಕೈಗೆ ಸಿಕ್ಕಿದ್ದು ಹಾಗೆ. ಇದು ನಮ್ಮ ಮನೆ ಗಾಡಿ ಅನ್ನೋದಕ್ಕಿಂತ ಸಂಘಟನೆ ಗಾಡಿ. ರಾತ್ರಿ ಹತ್ತು ಗಂಟೆಗೆ ಫೋನ್ ಬರುತ್ತೆ, ಇಂಥ ಊರಲ್ಲಿ ನಮ್ಮ ಹುಡುಗರಿಗೆ ಹೊಡೆದಿದಾರೆ, ದೂರು ಬರ್ಕೊಳ್ತಿಲ್ಲ ಅಂತ. ಐದು ಜನ ಹತ್ಕೊಂಡು ಹೊರಡ್ತೀವಿ. ಒಮ್ಮೊಮ್ಮೆ ಚಾಮರಾಜನಗರ ದಾಟಿ ದಿಂಬಂ ಘಾಟಿಯ 27 ತಿರುವು ಇಳಿದು ಸತ್ಯಮಂಗಲದ ಕಡೆಗೂ ಹೋಗಿದ್ದುಂಟು. ಅಂಥ ಗಾಡಿಯ ಎಡಗಡೆ ಹಿಂದಿನ ಚಕ್ರದಲ್ಲಿ ಒಂದಿನ ಕಿರ್ ಅಂತ ಸದ್ದು ಶುರುವಾಯ್ತು. ಬ್ರೇಕ್ ಒತ್ತಿದಾಗ ಜಾಸ್ತಿ, ಬಿಟ್ಟರೆ ಕಮ್ಮಿ.

ಆ ಸದ್ದು ಕೆಟ್ಟದ್ದಲ್ಲ, ಒಳ್ಳೇದು. ಎಷ್ಟೋ ಬ್ರೇಕ್ ಪ್ಯಾಡ್‌ಗಳಲ್ಲಿ ಒಂದು ಸಣ್ಣ ತಗಡಿನ ನಾಲಿಗೆ ಇಟ್ಟಿರ್ತಾರೆ. ಪ್ಯಾಡ್ ಸವೆದು ಇನ್ನೆರಡು ಮೂರು ಮಿಲಿಮೀಟರ್ ಉಳಿದಾಗ ಆ ನಾಲಿಗೆ ರೋಟರಿಗೆ ತಾಗಿ ಕೂಗುತ್ತೆ. ಆಗಲೇ ಕೇಳಿಸ್ಕೋಬೇಕು. ಕೇಳಿಸ್ಕೊಳ್ಳದೆ ಓಡಿಸಿದರೆ ಕಿರ್ ಹೋಗಿ ಗರಗರ ಆಗುತ್ತೆ. ಅಂದರೆ ಪ್ಯಾಡಿನ ಹಿಂದಿನ ಕಬ್ಬಿಣ ರೋಟರನ್ನ ಕೆರೀತಿದೆ ಅಂತ ಅರ್ಥ.

ಆಯುಧಪೂಜೆ ದಿನ ಮೈಸೂರಲ್ಲಿ ಗಾಡಿ ತೊಳೆದು, ಕುಂಕುಮ ಹಚ್ಚಿ, ನಾಲ್ಕು ಟೈರಿನ ಕೆಳಗೂ ನಿಂಬೆಹಣ್ಣು ಇಟ್ಟು ಹತ್ತಿಸ್ತಾರೆ. ಅದೇ ದಿನ ಚಕ್ರ ಬಿಚ್ಚಿ ಪ್ಯಾಡ್ ಎಷ್ಟು ಉಳಿದಿದೆ ಅಂತ ನೋಡೋ ಪದ್ಧತಿ ಇದ್ದಿದ್ರೆ ಎಷ್ಟು ಚೆನ್ನಾಗಿತ್ತು.

ಮೊದಲು ಗ್ಯಾರೇಜಿಗೇ ಹೋಗಿದ್ದೆ. ಯಾವುದು ಅನ್ನೋದು ಬೇಡ. ಅಲ್ಲಿನ ಹುಡುಗ ಚಕ್ರ ಬಿಚ್ಚಿ ದೊಡ್ಡ ಸಿ-ಕ್ಲಾಂಪ್ ತಂದು ಪಿಸ್ಟನ್ ಒಳಕ್ಕೆ ಒತ್ತಕ್ಕೆ ಹೊರಟ. ನಾನು ನಿಲ್ಲಿಸಿದೆ. ಅವನ ತಪ್ಪಿಲ್ಲ. ನಮ್ಮ ಕಡೆ ಓಡಾಡೋ ಆಲ್ಟೊ, ಸ್ವಿಫ್ಟ್‌ನಂಥ ಗಾಡಿಗಳಿಗೆ ಹಿಂದೆ ಡ್ರಮ್ ಬ್ರೇಕು. ಮುಂದಿನ ಡಿಸ್ಕಿಗೆ ಪಿಸ್ಟನ್ ನೇರ ಒತ್ತಿದರೆ ಒಳಗೆ ಹೋಗುತ್ತೆ. ಆದರೆ ನನ್ನ ಗಾಡಿಯಂತೆ ಹಿಂದಿನ ಕ್ಯಾಲಿಪರ್ ಒಳಗೇ ಹ್ಯಾಂಡ್‌ಬ್ರೇಕಿನ ಮರೆ ಇರೋ ಕಡೆ ಪಿಸ್ಟನ್ನನ್ನ ಒತ್ತುತ್ತಾ ತಿರುಗಿಸಬೇಕು, ಸ್ಕ್ರೂ ತರ. ಬಲವಂತವಾಗಿ ಒತ್ತಿದರೆ ಒಳಗಿನ ಮರೆ ಮುರಿದು ಇಡೀ ಕ್ಯಾಲಿಪರ್ ಹೋಗುತ್ತೆ. ಆ ಹುಡುಗನಿಗೆ ಇದನ್ನ ಯಾರೂ ಕಲಿಸಿರಲಿಲ್ಲ. ಕೆಲಸ ಮಾಡಿಸ್ಕೊಳ್ತಾರೆ, ಕಲಿಸಲ್ಲ. ಸರಿ, ನಾನೇ ಮಾಡ್ತೀನಿ ಅಂತ ಬಂದೆ. ಬೆಂಗಳೂರಿನ ಜೆ.ಸಿ. ರೋಡಿಂದ ಪ್ಯಾಡ್, ಎರಡು ರೋಟರ್, ಪಿಸ್ಟನ್ ತಿರುಗಿಸೋ ಟೂಲ್ ತರಿಸಿದೆ.

ಬ್ರೇಕ್ ಅಂದರೆ ಏನು ಅಂತ ನನಗೆ ಮೊದಲು ಹೇಳಿದ್ದು ನಮ್ಮಪ್ಪ. ನಮ್ಮೂರಿನ ರೈಲ್ವೆ ವರ್ಕ್‌ಶಾಪಿನಲ್ಲಿ ಖಲಾಸಿ ಆಗಿ ಸೇರಿ ಅಲ್ಲೇ ರಿಟೈರ್ ಆದವರು. 1920ರ ದಶಕದಲ್ಲಿ ಮೈಸೂರು ರಾಜ್ಯ ರೈಲ್ವೆಯವರು ಕಟ್ಟಿದ ಆ ವರ್ಕ್‌ಶಾಪು ಅಶೋಕಪುರಂನ ಎಷ್ಟೋ ಮನೆಗಳಿಗೆ ಅನ್ನ ಕೊಟ್ಟಿದೆ. ಹಳೇ ಬೋಗಿಗಳಲ್ಲಿ ಬ್ರೇಕ್ ಬ್ಲಾಕು ಚಕ್ರದ ಮೈಮೇಲೇ ಬಂದು ಒತ್ತುತ್ತಿತ್ತು. ಈಗ ಬರೋ ಎಲ್‌ಎಚ್‌ಬಿ ಬೋಗಿಗಳಲ್ಲಿ ಒಂದೊಂದು ಆಕ್ಸಲಿಗೆ ಎರಡು ಡಿಸ್ಕು, ಕಾರಿನ ತರಾನೇ. ಅಪ್ಪ ಒಂದು ಮಾತು ಹೇಳೋರು: ರೈಲಲ್ಲಿ ಪೈಪ್ ಒಡೆದರೆ ಬ್ರೇಕ್ ಬೀಳುತ್ತೆ, ಕಾರಲ್ಲಿ ಪೈಪ್ ಒಡೆದರೆ ಬ್ರೇಕ್ ಹೋಗುತ್ತೆ. ನಿಜ. ರೈಲಿನಲ್ಲಿ ಗಾಳಿಯ ಒತ್ತಡ ಇದ್ದಷ್ಟು ಹೊತ್ತು ಬ್ರೇಕ್ ಬಿಟ್ಟಿರುತ್ತೆ, ಒತ್ತಡ ಹೋದರೆ ತಾನಾಗೇ ಹಿಡಿಯುತ್ತೆ. ವೆಸ್ಟಿಂಗ್‌ಹೌಸ್ ಅನ್ನೋ ಅಮೆರಿಕದವನು 1872ರಲ್ಲೇ ಇದನ್ನ ಮಾಡಿದ್ದ. ಕಾರಲ್ಲಿ ಹಾಗಿಲ್ಲ. ಅದಕ್ಕೇ ಎಣ್ಣೆ ಪೈಪನ್ನ ಎರಡು ಪ್ರತ್ಯೇಕ ಸಾಲು ಮಾಡಿರ್ತಾರೆ, ಒಂದು ಹೋದರೂ ಇನ್ನೊಂದು ಉಳೀಲಿ ಅಂತ.

ಇನ್ನು ಕೆಲಸ. ಸಮತಟ್ಟು ಜಾಗ, ಮುಂದಿನ ಚಕ್ರಗಳಿಗೆ ಮುಂದೂ ಹಿಂದೂ ಕಲ್ಲು, ಗಾಡಿ ಗೇರಿನಲ್ಲಿ, ಹ್ಯಾಂಡ್‌ಬ್ರೇಕ್ ಮಾತ್ರ ಬಿಟ್ಟಿರಬೇಕು. ಚಕ್ರದ ಬೋಲ್ಟುಗಳನ್ನ ಗಾಡಿ ನೆಲದ ಮೇಲಿದ್ದಾಗಲೇ ಸಡಿಲ ಮಾಡಿ, ಆಮೇಲೆ ಜಾಕ್. ಜಾಕ್ ಎತ್ತೋದಕ್ಕೆ ಮಾತ್ರ, ಹೊರೋದಕ್ಕಲ್ಲ. ಸ್ಟ್ಯಾಂಡ್ ಕೊಡದೆ ಕೆಳಗೆ ತಲೆ ಹಾಕಬೇಡಿ. ಇಟ್ಟಿಗೆ, ಹಾಲೋ ಬ್ಲಾಕ್ ಇಡೋರಿದಾರೆ, ಅದು ಒಂದೇ ಸಲಕ್ಕೆ ಪುಡಿ ಆಗುತ್ತೆ. ಸ್ಟ್ಯಾಂಡಿಗೆ ದುಡ್ಡಿಲ್ಲ ಅಂದರೆ ಈ ಕೆಲಸವೇ ಬೇಡ.

ಕ್ಯಾಲಿಪರಿನ ಎರಡು ಬೋಲ್ಟು ಬಿಚ್ಚಿ ಅದನ್ನ ತಂತಿ ಕಟ್ಟಿ ಮೇಲಕ್ಕೆ ತೂಗು ಹಾಕಿದೆ. ರಬ್ಬರ್ ಪೈಪಿನ ಮೇಲೆ ಭಾರ ಬೀಳಬಾರದು. ಕಾರಣ ಅಲ್ಲೇ ಕಾಣಿಸ್ತು. ಒಳಗಡೆ ಪ್ಯಾಡ್ ಪೂರ್ತಿ ಸವೆದಿದೆ, ಹೊರಗಡೆಯದು ಅರ್ಧ ಉಳಿದಿದೆ. ಕ್ಯಾಲಿಪರ್ ಜಾರೋ ಪಿನ್ನು ತುಕ್ಕು ಹಿಡಿದು ಕಚ್ಕೊಂಡಿತ್ತು. ಪಿನ್ ಜಾರದಿದ್ದರೆ ಪಿಸ್ಟನ್ ಇರೋ ಕಡೆ ಪ್ಯಾಡು ಒಂಟಿಯಾಗಿ ಸವೆಯುತ್ತೆ. ಬರೀ ಪ್ಯಾಡ್ ಬದಲಾಯಿಸಿ ಪಿನ್ ಹಾಗೇ ಬಿಟ್ಟರೆ ಹೊಸದಕ್ಕೂ ಅದೇ ಗತಿ. ತೆಗೆದು, ಉಜ್ಜಿ, ಬ್ರೇಕಿಗೆ ಅಂತಲೇ ಬರೋ ಗ್ರೀಸ್ ಹಚ್ಚಿದೆ.

ರೋಟರ್ ಬರಲಿಲ್ಲ. ಸಣ್ಣ ಸ್ಕ್ರೂ ಬಿಚ್ಚಿದ ಮೇಲೂ ಹಬ್ಬಿಗೆ ತುಕ್ಕಿನಲ್ಲಿ ಅಂಟಿಕೊಂಡಿತ್ತು. ತುಕ್ಕಿನ ಎಣ್ಣೆ ಬಿಟ್ಟು, ಟೀ ಕುಡಿದು, ಬೋಲ್ಟಿನ ತೂತುಗಳ ನಡುವೆ ಸುತ್ತಲೂ ಸುತ್ತಿಗೆಯಲ್ಲಿ ತಟ್ಟಿದೆ. ಮುಕ್ಕಾಲು ಗಂಟೆ ಆದ್ಮೇಲೆ ಬಂತು. ಕನಿಷ್ಠ ಎಷ್ಟು ದಪ್ಪ ಇರಬೇಕು ಅಂತ ರೋಟರಿನ ಮೇಲೇ ಅಚ್ಚು ಹಾಕಿರ್ತಾರೆ. ವರ್ನಿಯರ್ ಹಿಡಿದು ನೋಡಿದೆ, ಅದಕ್ಕಿಂತ ಅರ್ಧ ಮಿಲಿಮೀಟರ್ ಕಮ್ಮಿ. ಬಲಗಡೆಯದು ಇನ್ನೂ ಗಡಿಯಲ್ಲಿತ್ತು, ಆದರೆ ಎರಡನ್ನೂ ಜೊತೆಗೇ ಬದಲಾಯಿಸಬೇಕು. ಒಂದು ಕಡೆ ಹೊಸದು, ಒಂದು ಕಡೆ ಹಳೇದು ಆದರೆ ಬ್ರೇಕ್ ಒಂದು ಕಡೆಗೆ ಎಳೆಯುತ್ತೆ.

ಹೊಸ ರೋಟರಿಗೆ ತುಕ್ಕು ಹಿಡಿಯದೇ ಇರಲಿ ಅಂತ ಎಣ್ಣೆ ಬಳಿದಿರ್ತಾರೆ, ಬ್ರೇಕ್ ಕ್ಲೀನರಿನಲ್ಲಿ ಪೂರ್ತಿ ತೆಗೀಬೇಕು. ಹಬ್ಬಿನ ಮುಖವನ್ನ ತಂತಿ ಬ್ರಷ್ಷಿನಲ್ಲಿ ಉಜ್ಜಬೇಕು, ಇಲ್ಲಾಂದ್ರೆ ರೋಟರ್ ನೆಟ್ಟಗೆ ಕೂರಲ್ಲ, ಪೆಡಲ್ ನಡುಗುತ್ತೆ. ಪಿಸ್ಟನ್ ತಿರುಗಿಸೋ ದಿಕ್ಕು ಬಹಳ ಗಾಡಿಗಳಲ್ಲಿ ಗಡಿಯಾರದ ದಿಕ್ಕು. ಕೆಲವಕ್ಕೆ ಒಂದು ಕಡೆ ಉಲ್ಟಾ ಇರುತ್ತೆ, ನಿಮ್ಮ ಗಾಡಿ ಪುಸ್ತಕ ನೋಡಿ. ಪಿಸ್ಟನ್ ಒಳಗೆ ಹೋಗ್ತಿದ್ದಂಗೆ ಮೇಲಿನ ಡಬ್ಬಿಯಲ್ಲಿ ಬ್ರೇಕ್ ಎಣ್ಣೆ ಏರುತ್ತೆ, ಚೆಲ್ಲಿದರೆ ಪೇಂಟ್ ತಿಂದುಹಾಕುತ್ತೆ. ಬಟನ್ ಒತ್ತೋ ಹ್ಯಾಂಡ್‌ಬ್ರೇಕ್ ಇರೋ ಹೊಸ ಗಾಡಿಯವರು ಇದಕ್ಕೆ ಕೈ ಹಾಕಬೇಡಿ, ಮೊದಲು ಅದನ್ನ ಸರ್ವಿಸ್ ಮೋಡಿಗೆ ಹಾಕಬೇಕು.

ಈಗ ಧೂಳಿನ ವಿಷಯ. ಇದನ್ನ ಬರಿಯೋಕೇ ಇಷ್ಟೆಲ್ಲಾ ಬರೆದೆ ಅಂದ್ರೂ ಸರಿ.

ಚಕ್ರ ಬಿಚ್ಚಿದ ತಕ್ಷಣ ಒಳಗೆ ಕರಿ ಧೂಳು ಇರುತ್ತೆ. ಗ್ಯಾರೇಜುಗಳಲ್ಲಿ ಹುಡುಗರು ಅದನ್ನ ಬಾಯಲ್ಲಿ ಊದುತ್ತಾರೆ, ಇಲ್ಲಾ ಗಾಳಿ ಪೈಪಿನಲ್ಲಿ ಹಾರಿಸ್ತಾರೆ. ಬ್ರೇಕ್ ಲೈನಿಂಗ್‌ನಲ್ಲಿ ದಶಕಗಳ ಕಾಲ ಆಸ್ಬೆಸ್ಟಾಸ್ ಹಾಕ್ತಿದ್ರು, ಶಾಖ ತಡೆಯುತ್ತೆ ಅಂತ. ರೈಲಿನ ಬ್ಲಾಕುಗಳಲ್ಲೂ ಇತ್ತು. ಅದರ ಎಲ್ಲಾ ಬಗೆಯೂ ಕ್ಯಾನ್ಸರ್ ತರುತ್ತೆ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತೆ. ಈಗ ಒಳ್ಳೇ ಪ್ಯಾಡುಗಳ ಡಬ್ಬಿ ಮೇಲೆ ಆಸ್ಬೆಸ್ಟಾಸ್ ಇಲ್ಲ ಅಂತ ಬರೆದಿರುತ್ತೆ. ಆದರೆ ಹಳೇ ಗಾಡಿಗೆ ಹಿಂದೆ ಯಾರು ಯಾವ ಪ್ಯಾಡ್ ಹಾಕಿದ್ರೋ ಯಾರಿಗೆ ಗೊತ್ತು? ಅದಕ್ಕೇ ಒದ್ದೆ ಮಾಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ, ಕವರಿನಲ್ಲಿ ಕಟ್ಟಿ ಹಾಕಬೇಕು. ಮಾಸ್ಕ್ ಬೇಕು, ಗ್ಲೌಸ್ ಬೇಕು. ಹೆಚ್ಚು ಖರ್ಚಿಲ್ಲ.

1995ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಆಸ್ಬೆಸ್ಟಾಸ್ ಕಾರ್ಮಿಕರ ಕೇಸಿನಲ್ಲಿ ಒಂದು ದೊಡ್ಡ ತೀರ್ಪು ಕೊಡ್ತು. ಕಾರ್ಮಿಕನ ಆರೋಗ್ಯ ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನೊಳಗೇ ಬರುತ್ತೆ ಅಂತು. ಕೆಲಸಕ್ಕೆ ಸೇರಿದಾಗಿಂದ ಕನಿಷ್ಠ 40 ವರ್ಷ ಅಥವಾ ನಿವೃತ್ತಿ ಆಗಿ 15 ವರ್ಷ, ಯಾವುದು ತಡವೋ ಅಲ್ಲೀವರೆಗೆ ಅವನ ಆರೋಗ್ಯದ ದಾಖಲೆ ಇಡಬೇಕು ಅಂತು. ಅಷ್ಟು ವರ್ಷ ಯಾಕೆ ಅಂದರೆ ಆ ರೋಗ ಹೊರಗೆ ಬರೋಕೆ ದಶಕಗಳೇ ಬೇಕು. ಕಾರ್ಖಾನೆಗೆ ಈ ಮಾತು ಆಯ್ತು. ರಸ್ತೆ ಬದಿ ಗ್ಯಾರೇಜಿನಲ್ಲಿ ಹದಿನಾರು ವರ್ಷಕ್ಕೆ ಸೇರಿ ದಿನಾ ಬ್ರೇಕ್ ಧೂಳು ಊದೋ ನಮ್ಮ ಹುಡುಗನ ದಾಖಲೆ ಯಾರ ಹತ್ತಿರ ಇದೆ? ಹಾಜರಿ ಪುಸ್ತಕವೇ ಇಲ್ಲ. ಮ್ಯಾನ್‌ಹೋಲಿಗೆ ಬರಿಗೈಲಿ ಇಳಿಸೋ ಊರು ಬ್ರೇಕ್ ಧೂಳಿಗೆ ಮಾಸ್ಕ್ ಕೊಡುತ್ತಾ ಅಂತ ನೀವು ಕೇಳಬಹುದು. ಅದಕ್ಕೇ ನಾವು ಎರಡನ್ನೂ ಕೇಳಬೇಕು.

ನಾನು ಗಾಡಿ ಪಕ್ಕ ಗೋಣಿಚೀಲ ಹಾಕಿ ಮಲಗಿದ್ದು ನೋಡಿ ನಮ್ಮವ್ವ ಬಾಗಿಲಲ್ಲಿ ನಿಂತು, "ಓದ್ಸಿದ್ದು ಇದ್ಕಾ ಮಗ?" ಅಂದರು. ಅವರು ಮೂವತ್ತು ವರ್ಷ ಅಪ್ಪನ ಖಾಕಿ ಬಟ್ಟೆಯ ಗ್ರೀಸ್ ಕಲೆಯನ್ನ ಸೋಡ ಹಾಕಿ ಉಜ್ಜಿದವರು. ಮಗ ಫ್ಯಾನ್ ಕೆಳಗೆ ಕುರ್ಚಿ ಮೇಲೆ ಕೂರಬೇಕು ಅಂತ ಆಸೆಪಟ್ಟು ಬಿಎ ಓದಿಸಿದವರು. ಅವರ ಮಾತಿಗೆ ನನ್ನ ಹತ್ತಿರ ಉತ್ತರ ಇರಲಿಲ್ಲ, ನಕ್ಕೆ. ಮಾರನೇ ದಿನ ಆಫೀಸಿನಲ್ಲಿ ಒಬ್ಬರು ನನ್ನ ಉಗುರು ನೋಡಿ, "ಏನ್ರೀ, ಹಳೇ ಕಸುಬಿಗೆ ವಾಪಸ್ಸಾ?" ಅಂದರು. ಅವರಿಗೆ ಉತ್ತರ ಇತ್ತು. ಅವರೂ ಮನೇಲಿ ಭಾನುವಾರ ಬೈಕ್ ಬಿಚ್ಚಿ ಜೋಡಿಸ್ತಾರೆ. ಅದಕ್ಕೆ ಹಾಬಿ ಅಂತ ಹೆಸರು. ಅದೇ ಸ್ಪ್ಯಾನರ್ ನನ್ನ ಕೈಗೆ ಬಂದರೆ ಕಸುಬು. "ಸಾರ್, ನಿಮ್ಮ ಉಗುರಿಗೂ ಗ್ರೀಸೇ ಅಂಟೋದು" ಅಂದೆ. ಫೈಲ್ ತಗೊಂಡು ಹೋದರು.

ಜಾತಿ ಕೆಲಸವನ್ನ ಹುಟ್ಟೋಕೆ ಮುಂಚೇನೇ ಹಂಚಿಬಿಡುತ್ತೆ ಅಂತ ಬಾಬಾಸಾಹೇಬರು ತೋರಿಸಿ ಎಷ್ಟೋ ವರ್ಷ ಆಯ್ತು. ನನಗೆ ಬೇಕಾದಾಗ ಮಾಡಿದೆ, ಬೇಡವಾದಾಗ ಬಿಡಬಹುದು, ಮಾಸ್ಕ್ ಹಾಕ್ಕೊಂಡೆ, ವರ್ನಿಯರ್ ಹಿಡಿದು ಅಳೆದೆ. ನಮ್ಮಪ್ಪನಿಗೆ ಇದರಲ್ಲಿ ಕೊನೇದೊಂದೇ ಇತ್ತು. ಅವರು ಅಳತೆಯಲ್ಲಿ ಯಾವ ಇಂಜಿನಿಯರಿಗೂ ಕಮ್ಮಿ ಇರಲಿಲ್ಲ.

ಕೆಲಸ ಮುಗಿದ ಮೇಲೆ ಗಾಡಿ ಸ್ಟಾರ್ಟ್ ಮಾಡೋಕೆ ಮುಂಚೆ ಬ್ರೇಕ್ ಪೆಡಲನ್ನ ಗಟ್ಟಿ ಆಗೋವರೆಗೂ ಒತ್ತಿ ಒತ್ತಿ ಬಿಡಿ. ಮರೆತರೆ ಮೊದಲನೇ ಸಲ ಒತ್ತಿದಾಗ ಪೆಡಲ್ ನೆಲಕ್ಕೆ ಹೋಗುತ್ತೆ, ಗಾಡಿ ನಿಲ್ಲಲ್ಲ. ಆಮೇಲೆ ನಂಜನಗೂಡು ರಸ್ತೆಯ ಕಡೆ ಖಾಲಿ ಜಾಗದಲ್ಲಿ 50ರಿಂದ 10ಕ್ಕೆ ಹತ್ತು ಸಲ ನಿಧಾನವಾಗಿ ಇಳಿಸಿದೆ, ಪೂರ್ತಿ ನಿಲ್ಲಿಸದೆ. ಪ್ಯಾಡೂ ರೋಟರೂ ಒಂದಕ್ಕೊಂದು ಹೊಂದ್ಕೋಬೇಕಲ್ಲ.

ಒಂದು ಲೆಕ್ಕ ಹೇಳಿಬಿಡ್ತೀನಿ. ಒಂದೂವರೆ ಟನ್ ಗಾಡಿಯನ್ನ 60 ಕಿ.ಮೀ. ವೇಗದಿಂದ ಒಂದು ಸಲ ನಿಲ್ಲಿಸಿದರೆ ಸುಮಾರು 2 ಲಕ್ಷ ಜೂಲ್ ಶಾಖ ಹುಟ್ಟುತ್ತೆ, ಅರ್ಧ ಲೀಟರಿಗಿಂತ ಜಾಸ್ತಿ ತಣ್ಣೀರು ಕುದಿಬರೋಷ್ಟು. ಚಾಮುಂಡಿ ಬೆಟ್ಟ ಊರಿಗಿಂತ ಹತ್ತಿರ ಹತ್ತಿರ 300 ಮೀಟರ್ ಎತ್ತರ. ನ್ಯೂಟ್ರಲ್ ಹಾಕ್ಕೊಂಡು ಬ್ರೇಕ್ ಮೇಲೇ ಇಳಿದರೆ ಹದಿನಾಲ್ಕು ಲೀಟರ್ ಕುದಿಸೋ ಶಾಖದ ಬಹುಪಾಲು ಆ ನಾಲ್ಕು ತಟ್ಟೆಗಳೇ ತಡ್ಕೋಬೇಕು. ಎರಡನೇ ಗೇರಲ್ಲಿ ಇಳೀರಿ, ಅರ್ಧ ಕೆಲಸ ಇಂಜಿನ್ ಮಾಡುತ್ತೆ. ಪೆಟ್ರೋಲ್ ಉಳಿಸ್ತೀನಿ ಅಂತ ನ್ಯೂಟ್ರಲ್ ಹಾಕೋ ನಮ್ಮ ಆಟೋ ಅಣ್ಣಂದಿರಿಗೂ ಇದನ್ನ ಓದಿ ಹೇಳಿ.

ನೂರು ಕಿಲೋಮೀಟರ್ ಓಡಿಸಿ ಚಕ್ರದ ಬೋಲ್ಟುಗಳನ್ನ ಮತ್ತೊಂದು ಸಲ ಬಿಗಿ ನೋಡಿದೆ, ಸರಿ ಇದ್ವು. ಬಲಗಡೆಯ ಹಳೇ ರೋಟರ್ ಗುಜರಿಗೆ ಹೋಯ್ತು. ಎಡಗಡೆಯದನ್ನ ಪಕ್ಕದ ಬೀದಿಯ ಐಟಿಐ ಓದೋ ಹುಡುಗ ತಗೊಂಡು ಹೋದ, ವರ್ನಿಯರಿನಲ್ಲಿ ಅಳೆಯೋದು ಕಲೀಬೇಕಂತೆ. ಪಿಸ್ಟನ್ ತಿರುಗಿಸೋ ಟೂಲ್ ನಮ್ಮನೇಲೇ ಇದೆ. ಅಶೋಕಪುರಂನಲ್ಲಿ ಯಾರಿಗಾದರೂ ಬೇಕಿದ್ದರೆ ಬಂದು ತಗೊಂಡು ಹೋಗಿ, ಕೆಲಸ ಆದ್ಮೇಲೆ ಒರೆಸಿ ವಾಪಸ್ ಕೊಡಿ.